ಸಂಕಷ್ಟಿ ದಿನ ತೆರೆದ ಮೀನೂಟ

ಕಾರವಾರದಲ್ಲಿ ಮೀನೂಟದ ಹೋಟೆಲ್ ತೆರೆಯುವವರು ಮೊದಲು ನೋಡಬೇಕಾದದ್ದು ಜಾಗವಲ್ಲ, ವಾರ. ಸೋಮವಾರ ಈಶ್ವರನದ್ದು, ಗುರುವಾರ ಗುರುಗಳದ್ದು, ಶನಿವಾರ ಹನುಮಂತನದ್ದು. ಈ ದಿನಗಳಲ್ಲಿ ಅರ್ಧ ಊರು ಮೀನಿನ ಬುಟ್ಟಿಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ, ಉಳಿದ ದಿನ ಮೀನಿಲ್ಲದೆ ತುತ್ತು ಎತ್ತುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ವರ್ಷಗಟ್ಟಲೆ ಖಾನಾವಳಿ ನಡೆಸಿದವಳು ನಾನು. ಅದಕ್ಕೇ ಹಬ್ಬುವಾಡದ ಹಳೆಯ ಬಂಗಲೆಯಲ್ಲಿ ಹೊಸದಾಗಿ ಶುರುಮಾಡುವಾಗ ಬುಧವಾರವೇ ಆಗಬೇಕು ಎಂದು ಹಟ ಹಿಡಿದೆ. ಹಟವೇನೋ ಗೆದ್ದಿತು, ನಾನು ಬಿದ್ದೆ.

ಖಾನಾವಳಿಯ ಕಥೆ ಒಂದೇ ಮಾತಿನಲ್ಲಿ ಮುಗಿಯುತ್ತದೆ: ರಸ್ತೆ ಅಗಲವಾಯಿತು, ಅದು ಹೋಯಿತು. ಬೈತಖೋಲ ಬಂದರಿನಲ್ಲಿ ಮೀನು ಹೊರುವವರು, ಲಾರಿಯವರು, ಕೋರ್ಟಿಗೆ ಬಂದು ತಾರೀಕು ತೆಗೆದುಕೊಂಡು ಹೋಗುವವರು, ಎಲ್ಲರೂ ನನ್ನ ಬೆಂಚಿನ ಮೇಲೆ ಕೂತು ಉಂಡವರೇ. ಗೋಡೆ ಒಡೆದ ದಿನ ನಾನು ಅಳಲಿಲ್ಲ, ಬೈದೆ. ಕೇಳುವವರು ಯಾರೂ ಇರಲಿಲ್ಲ, ಯಂತ್ರವೊಂದೇ ಇತ್ತು, ಆದರೂ ಬೈದೆ. ಅಂಕೋಲೆಯವಳ ನಾಲಿಗೆ ಎಂದು ಗಂಡನ ಮನೆಯವರು ಮದುವೆಯಾದ ಹೊಸತರಿಂದಲೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ. ಆದರೆ ಆ ಮಳೆಗಾಲವಿಡೀ ನನ್ನ ಬಾಯಿ ಸುಮ್ಮನಿತ್ತು. ಇಬ್ಬರಿಗೆ ಅನ್ನ ಬೇಯಿಸಿ ಉಳಿದ ಹೊತ್ತು ಕಿಟಕಿಯ ಹತ್ತಿರ ಕೂತಿರುತ್ತಿದ್ದೆ. ಅದನ್ನು ನೋಡಿ ನೋಡಿ ನನ್ನ ಗಂಡನಿಗೇ ಹೆದರಿಕೆಯಾಗಿರಬೇಕು. ಅವರು ಬಂದರಿನಿಂದ ಟೆಂಪೋದಲ್ಲಿ ಮೀನು ಸಾಗಿಸುವವರು, ಮಾತು ಕಡಿಮೆ. ಒಂದು ದಿನ ಚಾ ಕುಡಿಯುತ್ತ, "ಅಕ್ಕೋರ ಬಂಗ್ಲೆ ಬಾಗ್ಲು ಹಾಕ್ಕಂಡೇ ಉಂಟಲ್ಲ, ಕೇಳಿ ನೋಡು" ಎಂದರು.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ನಿವೃತ್ತರಾಗಿ ಎಷ್ಟೋ ಕಾಲವಾದರೂ ಓಣಿಗೆಲ್ಲ ಅಕ್ಕೋರೇ. ಮದುವೆಯಾಗಲಿಲ್ಲ, ಬಂಗಲೆಯ ಹಿತ್ತಲಿನ ಎರಡು ಕೋಣೆಯ ಮನೆಯಲ್ಲಿ ಇರುತ್ತಾರೆ. ಬಂಗಲೆಗೆ ದಿನವೂ ಒಂದು ಸಲ ಹೋಗಿ ಕಿಟಕಿ ತೆರೆದು, ಗುಡಿಸಿ, ಮತ್ತೆ ಮುಚ್ಚಿ ಬರುತ್ತಿದ್ದರು.

ಅದನ್ನು ಕಟ್ಟಿಸಿದವರು ಅವರ ಅಜ್ಜ. ಕಾಳಿ ನದಿಯಲ್ಲಿ ಸಾಗವಾನಿ ದಿಮ್ಮಿ ತೇಲಿಸಿ ತಂದು ಹಡಗಿಗೆ ತುಂಬಿಸುತ್ತಿದ್ದ ವ್ಯಾಪಾರಿ. ಒಳ್ಳೆಯ ಮರವನ್ನೆಲ್ಲ ಮಾರಿದರು, ಅದಕ್ಕಿಂತ ಒಳ್ಳೆಯದನ್ನು ಮನೆಗೆ ಇಟ್ಟುಕೊಂಡರು ಎಂದು ಅಕ್ಕೋರು ನಗುತ್ತಾರೆ. ಕೆಂಪು ಚಿರೆಕಲ್ಲಿನ ದಪ್ಪ ಗೋಡೆ, ಮುಂದೆ ಅಗಲವಾದ ಜಗಲಿ, ಕಿಟಕಿಯ ಮೇಲುಗಡೆ ಕೆಂಪು ನೀಲಿ ಗಾಜು, ಮೇಲೆ ಮಾಳಿಗೆ. ಮರದ ವ್ಯಾಪಾರ ಇಳಿದ ಮೇಲೆ ಮುಂದಿನ ಭಾಗವನ್ನು ಸುಂಕದ ಕಚೇರಿಯ ಸಾಹೇಬನೊಬ್ಬನಿಗೆ ಬಾಡಿಗೆ ಕೊಟ್ಟರಂತೆ. ಅವನು ಹೋದ ಮೇಲೆ ಘಟ್ಟದ ಮೇಲಿನಿಂದ ಓದಲು ಬಂದ ಹುಡುಗಿಯರು ಇದ್ದರು. ಕೊನೆಗೆ ಟೈಪಿಂಗ್ ಕ್ಲಾಸು. ಆ ಸದ್ದು ಹೋದ ಮೇಲೆ ಮನೆಗೆ ಯಾವ ಸದ್ದೂ ಬರಲಿಲ್ಲ.

ನಾನು ಕೇಳಿದ್ದಕ್ಕೆ ಅಕ್ಕೋರು ತಕ್ಷಣ ಹೂಂ ಎಂದರು. ಆಮೇಲೆ, "ತಮ್ಮನ ಒಪ್ಗೆ ಬೇಕು" ಎಂದರು.

ತಮ್ಮ ಹುಬ್ಬಳ್ಳಿಯಲ್ಲಿ ಇರುವವರು. ಅಲ್ಲೇ ಕೆಲಸ, ಅಲ್ಲೇ ಮದುವೆ, ಮಾತೂ ಅಲ್ಲಿಯದೇ ಆಗಿತ್ತು. ಬಂಗಲೆ ಕೆಡವಿ ಫ್ಲ್ಯಾಟು ಕಟ್ಟುತ್ತೇನೆಂದು ಒಬ್ಬ ಕಟ್ಟಡದವನು ಅವರ ಬೆನ್ನು ಹತ್ತಿದ್ದ. "ಖಾಲಿ ಮನಿ ಕಾಯ್ಕೋತ ಎಷ್ಟ ದಿವಸ ಕೂಡ್ತಿ ಅಕ್ಕಾ? ನಿಂದೂ ವಯಸ್ಸಾತು, ನಂದೂ ಆತು" ಎಂದು ಫೋನಿನಲ್ಲಿ ಹೇಳುವುದು ನನಗೂ ಕೇಳಿಸುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೊನೆಗೆ ಒಂದು ಮಾತಿಗೆ ಬಂದರು: ಹೋಟೆಲ್ ತೆರೆಯುವ ದಿನ ತಾವೇ ಬಂದು ನೋಡುವುದು. ಜನ ಬಂದರೆ, ಮನೆ ಬದುಕುತ್ತದೆ ಎನಿಸಿದರೆ ಅಕ್ಕ ಹೇಳಿದಂತೆ ಆಗಲಿ. ಇಲ್ಲದಿದ್ದರೆ ಕಟ್ಟಡದವನ ಕಾಗದಕ್ಕೆ ಅಕ್ಕ ಸಹಿ ಹಾಕಬೇಕು. ಅಕ್ಕೋರು ಒಪ್ಪಿದರು. ಅವರಿಗೆ ಮನೆ, ನನಗೆ ಒಲೆ, ಎರಡೂ ಆ ಒಂದು ದಿನದ ಮೇಲೆ ನಿಂತವು.

ಆ ದಿನವನ್ನು ನಾವು ಹೇಗೆ ಆರಿಸಿದೆವು ಎಂದು ನೆನೆಸಿಕೊಂಡರೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ಎಲ್ಲರ ಮನೆಯಲ್ಲೂ ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು, ಎಲ್ಲರೂ ಅದನ್ನು ನೋಡಿದರು. ನಾನು ವಾರ ನೋಡಿದೆ. ಅಕ್ಕೋರು ರಾಹುಕಾಲ ನೋಡಿದರು. ಅವರ ತಮ್ಮ ತಮಗೆ ಬಿಡುವಿದೆಯೇ ಎಂದು ನೋಡಿದರು. ನನ್ನ ಗಂಡ ಆ ಹೊತ್ತಿಗೆ ದೋಣಿಗಳು ಬಂದಿರುತ್ತವೆಯೇ ಎಂದು ಯೋಚಿಸಿದರು. ಭಟ್ಟರು ಮುಹೂರ್ತ ನೋಡಿ ಬೆಳಿಗ್ಗೆ ಬಹಳ ಪ್ರಶಸ್ತ ಎಂದರು. ದೇವರ ಮುಂದೆ ಕಾಯಿ ಇಟ್ಟು ದಿನ ಹೇಳಿಕೊಂಡಾಯಿತು. ಬಂಗಲೆಯ ನಡುಮನೆಯಲ್ಲಿ ಮೇಜುಗಳು ಬಂದವು, ಕಿಟಕಿಯ ಕಟ್ಟೆಗಳ ಮೇಲೆ ದಿಂಬು ಹಾಕಿ ಕೂರುವಂತೆ ಮಾಡಿದೆವು, ಟೈಪಿಂಗ್ ಕ್ಲಾಸಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ಮೀನು ಬರೆಯುವುದು ಎಂದಾಯಿತು. ನಾನು ಊರಿಡೀ ಸಾರಿಕೊಂಡು ಬಂದೆ. ಇಸ್ವಾಣ, ಬಂಗಡೆ, ಸಿಗಡಿ, ಬೈತಖೋಲದಿಂದ ನೇರ ಬಾಣಲೆಗೆ ಎಂದು.

ಹಿಂದಿನ ದಿನ ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿಯನ್ನು ಕರೆಯಲು ಹೋದೆ. ಅಜ್ಜಿ ಅಂಗಳದಲ್ಲಿ ಗರಿಕೆ ಆರಿಸುತ್ತ ಕೂತಿದ್ದರು.

"ಬತ್ತೆ ತಂಗಿ, ಬರದೇ ಇರ್ತ್ನಾ?" ಎಂದರು. "ಆದ್ರೆ ಊಟ ಇನ್ನೊಂದಿನ. ನಾಳೆ ಉಪಾಸ ಅಲ್ದಾ, ಸಂಕಷ್ಟಿ."

ನನ್ನ ಕಣ್ಣು ಗರಿಕೆಯ ಮೇಲೇ ನಿಂತಿತು. ಸಂಕಷ್ಟಿ ಎಂದರೆ ನಮ್ಮ ಊರಿನಲ್ಲಿ ಸಣ್ಣ ಮಾತಲ್ಲ. ಹಬ್ಬುವಾಡದಲ್ಲಿ ಮನೆಗೊಬ್ಬರಾದರೂ ಇಡೀ ದಿನ ಉಪವಾಸ ಇರುತ್ತಾರೆ, ರಾತ್ರಿ ಚಂದ್ರನನ್ನು ಕಂಡು ಅರ್ಘ್ಯ ಬಿಟ್ಟ ಮೇಲೆಯೇ ಊಟ. ಉಪವಾಸ ಇಲ್ಲದವರೂ ಅಂದು ಮೀನು ಮುಟ್ಟುವುದಿಲ್ಲ. ನಾನು ಉಪವಾಸ ಮಾಡುವವಳಲ್ಲ. ಹಸಿದರೆ ನನಗೆ ಭಕ್ತಿ ಬರುವುದಿಲ್ಲ, ಸಿಟ್ಟು ಬರುತ್ತದೆ. ಅತ್ತೆ ಇರುವವರೆಗೆ ಅವರು ಹೇಳುತ್ತಿದ್ದರು, ನಾನು ಮೀನು ತರುತ್ತಿರಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ಹೇಳುವವರು ಇರಲಿಲ್ಲ, ಹೆದ್ದಾರಿಯ ಲಾರಿಯವರಿಗೆ ಸಂಕಷ್ಟಿಯ ಲೆಕ್ಕವೂ ಇರಲಿಲ್ಲ.

ಸಿಟ್ಟಿನಲ್ಲಿ ಮೊದಲು ಹೋದದ್ದು ಭಟ್ಟರ ಮನೆಗೆ. ಅವರು ಮೊಸರನ್ನ ಉಂಡು ಎದ್ದಿದ್ದರು ಅಷ್ಟೇ.

"ನೀವು ಕೇಳಿದ್ದು ಬೆಳಗಿನ ಮುಹೂರ್ತ" ಎಂದರು ಶಾಂತವಾಗಿ. "ಬೆಳಿಗ್ಗೆ ತದಿಗೆ ಉಂಟು. ಚೌತಿ ಬರೂದು ಮಧ್ಯಾಹ್ನದ ಮೇಲೆ. ಮತ್ತೆ, ಹೋಟೆಲ್ ಅಂದ್ರಿ. ಮೀನು ಅಂತ ಹೇಳ್ಲೇ ಇಲ್ಲ."

ತಂದ ಸಿಟ್ಟನ್ನು ಹಾಗೇ ಹೊತ್ತುಕೊಂಡು ಬಂಗಲೆಗೆ ನಡೆದೆ.

ಅಕ್ಕೋರು ಸುದ್ದಿ ಕೇಳಿ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ದಿನ ಬದಲಿಸೋಣ ಎಂದರೆ ದೇವರಿಗೆ ಹೇಳಿಯಾಗಿದೆ. ತಮ್ಮ ಆಗಲೇ ಬಸ್ಸಿನಲ್ಲಿದ್ದರು. "ಆಯ್ತು ಬಿಡು ತಂಗಿ, ಈ ಮನೆ ಹೋಗೂ ಕಾಲ ಬಂದದೆ, ನಾವು ಎಂತ ಮಾಡೂಕಾಗ್ತದೆ" ಎಂದರು. ಅವರ ಕಣ್ಣಲ್ಲಿ ನೀರು ಕಂಡೆ. ದುಃಖವಾದಾಗಲೂ ನನಗೆ ಬರುವುದು ಸಿಟ್ಟೇ. "ಇಡೀ ಓಣಿ ಉಪಾಸ ಇದ್ದು ರಾತ್ರಿಗೆ ಎಂತ ಉಣ್ತದೆ? ಗಾಳಿ ಉಣ್ತದಾ?" ಎಂದು ರೇಗಿದೆ. ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅದು ನನ್ನ ಕಿವಿಗೆ ಬಿದ್ದದ್ದು.

ರಾತ್ರಿಗೆ ಎಲ್ಲರೂ ಉಣ್ಣುತ್ತಾರೆ, ಚೆನ್ನಾಗಿಯೇ ಉಣ್ಣುತ್ತಾರೆ. ಆದರೆ ಬೇಯಿಸುವವರು ಯಾರು? ಇಡೀ ದಿನ ಹಸಿದಿದ್ದ ಹೆಂಗಸರೇ. ನನ್ನ ಅತ್ತೆ ಖಾಲಿ ಹೊಟ್ಟೆಯಲ್ಲಿ ಕಾಯಿ ತುರಿಯುತ್ತ ತೂಕಡಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಸಂಜೆಯೇ ಹೊರಟು ಹಬ್ಬುವಾಡದ ಮನೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: "ನಾಳೆ ರಾತ್ರಿ ನೀವು ಒಲೆ ಹಚ್ಬೇಡಿ. ಬಂಗ್ಲೆಗೆ ಬನ್ನಿ, ಚಂದ್ರ ಕಂಡದ್ದೇ ಬಡಿಸ್ತೆ." ಎಲ್ಲರೂ ನಕ್ಕು "ನೋಡ್ವ" ಎಂದರು. ನಮ್ಮ ಕಡೆ ನೋಡ್ವ ಎಂದರೆ ಬರುವುದಿಲ್ಲ ಎಂದೇ ಲೆಕ್ಕ.

ಗಂಡ ಗೊತ್ತುಮಾಡಿದ್ದ ಮೀನನ್ನು ಗೋವೆಗೆ ಹೋಗುವ ಲಾರಿಗೆ ಹಾಕಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಳಗಿನ ಜಾವ ಅದೇ ಟೆಂಪೋ ತೊಳೆದುಕೊಂಡು ನಾವಿಬ್ಬರೂ ಅಂಕೋಲೆಗೆ ಹೋದೆವು. ನನ್ನ ತಾಯಿ ಬದುಕಿರುವವರೆಗೆ ತರಕಾರಿ ಮಾರಿದ್ದು ಆ ಪೇಟೆಯಲ್ಲಿಯೇ. ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ಗೆಣಸು, ಮೂಲಂಗಿ, ಸಿಹಿಗುಂಬಳ, ಬಾಳೆಕಾಯಿ, ನುಗ್ಗೆ, ಕೈಗೆ ಸಿಕ್ಕಿದ್ದೆಲ್ಲ ತುಂಬಿದೆ. ಮಾಡಬೇಕಾದದ್ದು ಏನೆಂದು ದಾರಿಯಲ್ಲೇ ತೀರ್ಮಾನವಾಗಿತ್ತು: ಖತಖತೆ. ಗಡ್ಡೆಗೆಣಸನ್ನೆಲ್ಲ ಒಟ್ಟಿಗೆ ಬೇಯಿಸಿ, ತೆಂಗಿನಕಾಯಿ ಅರೆದು ಹಾಕಿ, ಇಳಿಸುವ ಮೊದಲು ನಾಲಿಗೆ ಜುಮ್ಮೆನಿಸುವ ತಿರಫಳದ ಕಾಳು ಜಜ್ಜಿ ಹಾಕಿದರೆ ಕೇರಿಗೆಲ್ಲ ಪರಿಮಳ. ಬಂಗಡೆಯ ಸಾರಿಗೆ ಹಾಕುವುದೂ ಅದೇ ತಿರಫಳ. ಮೀನಿಲ್ಲದ ದಿನ ನಮ್ಮವರಿಗೆ ಅಷ್ಟಾದರೂ ಸಮಾಧಾನ ಬೇಕು.

ಹಿಂದಿರುಗಿ ಬಂದರೆ ಇನ್ನೊಂದು ತಾಪತ್ರಯ. ರುಚಿ ಪರೀಕ್ಷೆಗೆಂದು ವಾರದಿಂದ ಮೀನು ಬೇಯಿಸಿದ ಪಾತ್ರೆಗಳೇ ನನ್ನ ಬಳಿ ಇದ್ದವು. ಅವುಗಳಲ್ಲಿ ಸಂಕಷ್ಟಿಯ ಅಡುಗೆ ಮಾಡಿದರೆ ಅಜ್ಜಿ ಮೂಸಿ ನೋಡಿಯೇ ಎದ್ದುಹೋಗುತ್ತಿದ್ದರು. ಅಕ್ಕೋರು ಅಟ್ಟದ ಏಣಿ ತಂದರು. ಮೇಲೆ ಅವರ ಅಜ್ಜನ ಕಾಲದ ಕಂಚಿನ ತಪ್ಪಲೆಗಳಿದ್ದವು, ದಿಮ್ಮಿ ತಂದ ಆಳುಗಳಿಗೆಲ್ಲ ಒಟ್ಟಿಗೆ ಅಡುಗೆಯಾಗುತ್ತಿದ್ದಂಥವು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆವು. ಅಕ್ಕೋರು ಸೆರಗು ಸಿಕ್ಕಿಸಿ ಬಾವಿಕಟ್ಟೆಯಲ್ಲಿ ಕೂತು ತಿಕ್ಕಿದ ರಭಸ ನೋಡಿದರೆ ಹಿಂದಿನ ದಿನ ಅತ್ತವರು ಇವರೇ ಎಂದು ಯಾರೂ ಹೇಳುತ್ತಿರಲಿಲ್ಲ. ಹಿತ್ತಲಿನ ಹಳೆಯ ಒಲೆಗೆ ಬೆಂಕಿ ಬಿತ್ತು.

ಮುಹೂರ್ತದ ಹೊತ್ತಿಗೆ ಗಣಹೋಮವಾಯಿತು, ಹಾಲು ಉಕ್ಕಿಸಿದೆವು, ಬಾಗಿಲಿಗೆ ಮಾವಿನೆಲೆ ಕಟ್ಟಿದೆವು. ಬಂದವರು ಪ್ರಸಾದ ತೆಗೆದುಕೊಂಡು ಹೋದರು. ಮಧ್ಯಾಹ್ನ ಯಾರೂ ಇಲ್ಲ. ದೇವಬಾಗಕ್ಕೆ ಹೋಗುವ ದಾರಿ ಕೇಳಲು ಒಂದು ಕಾರು ನಿಂತಿತು, ದಾರಿ ಕೇಳಿ ಹೋಯಿತು. ಅಕ್ಕೋರ ತಮ್ಮ ಕಿಟಕಿಯ ಪಕ್ಕದ ಮೇಜಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಪೇಪರಿನ ಮೇಲಿನಿಂದ ಒಂದೊಂದೇ ಖಾಲಿ ಕುರ್ಚಿ ನೋಡುತ್ತಿದ್ದರು. ಕೊನೆಗೆ, "ಖಾಲಿ ಮನ್ಯಾಗ ಒಂದ್ ಖಾಲಿ ಹೋಟೆಲ್ ಆತು, ಅಷ್ಟ" ಎಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಊಟ ಹಾಕಲೇ ಎಂದೆ, ಸಾಬುದಾಣಿ ಖಿಚಡಿ ಸಾಕು ಎಂದರು. ಅವರೂ ಉಪವಾಸವಿದ್ದರು ಎಂದು ನನಗೆ ಗೊತ್ತಾದದ್ದು ಆಗಲೇ.

ಖಿಚಡಿ ತಿನ್ನುವಾಗ ಅಕ್ಕೋರು ಎದುರು ಬಂದು ಕೂತರು. ಕೈಯಲ್ಲಿ ಒಂದು ಹಳೆಯ ಕಂದೀಲು. ಪಾತ್ರೆ ಇಳಿಸುವಾಗ ಅಟ್ಟದಲ್ಲಿ ಸಿಕ್ಕಿದ್ದಂತೆ.

ಆ ಕಂದೀಲಿನ ವಿಷಯ ನನಗೆ ಅವರು ಆಮೇಲೆ ಹೇಳಿದರು. ಹಬ್ಬುವಾಡದ ಮನೆಗಳಿಗೆ ಮೂಡಣ ದಿಕ್ಕಿನಲ್ಲಿ ಗುಡ್ಡ, ಗುಡ್ಡದ ಮುಂದೆ ತೆಂಗು. ಚಂದ್ರ ಹುಟ್ಟಿದರೂ ಕೆಳಗಿನವರಿಗೆ ಬಹಳ ಹೊತ್ತು ಕಾಣುವುದಿಲ್ಲ. ಬಂಗಲೆಯ ಮಾಳಿಗೆಯ ಕಿಟಕಿಯಿಂದ ಮಾತ್ರ ಎರಡು ಗುಡ್ಡಗಳ ನಡುವಿನ ತಗ್ಗು ಕಾಣುತ್ತದೆ, ಅಲ್ಲಿ ಚಂದ್ರ ಬೇಗ ಸಿಗುತ್ತಾನೆ. ಅದಕ್ಕೆ ಪ್ರತಿ ಸಂಕಷ್ಟಿಗೂ ಅಕ್ಕೋರ ಆಯಿ, ಅಂದರೆ ತಾಯಿ, ಮೇಲೆ ನಿಂತು ಕಾಯುವುದು, ಕಂಡ ಕೂಡಲೇ ಕಿಟಕಿಯ ಕೊಕ್ಕೆಗೆ ಕಂದೀಲು ತೂಗಿಸುವುದು. ಅದನ್ನು ನೋಡಿ ಇಡೀ ಓಣಿ ಅರ್ಘ್ಯ ಬಿಟ್ಟು ಊಟಕ್ಕೆ ಕೂರುತ್ತಿತ್ತು. ತಾಯಿ ಹೋದ ಮೇಲೆ ಕಂದೀಲು ಅಟ್ಟ ಸೇರಿತು. ಈಗ ಜನ ಫೋನಿನಲ್ಲಿ ಚಂದ್ರೋದಯದ ಹೊತ್ತು ನೋಡಿ ಉಣ್ಣುತ್ತಾರೆ.

ಕತ್ತಲಾಯಿತು. ಒಂಬತ್ತರ ಹೊತ್ತಿಗೆ ಹಿತ್ತಲಿನಲ್ಲಿ ಎಲ್ಲ ಸಿದ್ಧವಿತ್ತು: ಅನ್ನ, ತೊವ್ವೆ, ಖತಖತೆ, ಉದ್ದಿನ ವಡೆ, ಕಡಲೆಬೇಳೆ ಪಾಯಸ. ಜಗಲಿಗೆ ಬಂದು ನೋಡಿದರೆ ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಅಕ್ಕೋರು ಕಂದೀಲು ಹಚ್ಚಿ ಮೆಟ್ಟಿಲ ಹತ್ತಿರ ಬಂದರು. ಮಂಡಿನೋವಿನವರು, ಆ ಕಡಿದಾದ ಮರದ ಮೆಟ್ಟಿಲು ಹತ್ತುವುದು ಅವರಿಗೆ ಆಗುವ ಕೆಲಸವಲ್ಲ. ತಮ್ಮ ಎದ್ದು ಅವರ ಕೈಯಿಂದ ಕಂದೀಲು ತೆಗೆದುಕೊಂಡರು. ಮೆಟ್ಟಿಲು ಕಿರುಗುಟ್ಟುವುದು ಕೇಳಿತು.

ಬಹಳ ಹೊತ್ತಾದ ಮೇಲೆ ಮಾಳಿಗೆಯಿಂದ ಅವರ ದನಿ ಬಂತು. "ಅಕ್ಕಾ, ಕಂಡ್ತು. ಆಯಿ ಹೇಳ್ತಿದ್ದ ಜಾಗದಲ್ಲೇ ಕಂಡ್ತು." ಆ ಮಾತಿನಲ್ಲಿ ಹುಬ್ಬಳ್ಳಿ ಎಲ್ಲಿಯೂ ಇರಲಿಲ್ಲ.

ಕಂದೀಲು ಕೊಕ್ಕೆಯಲ್ಲಿ ತೂಗಿತು. ಕೆಂಪು ನೀಲಿ ಗಾಜಿಗೆ ಬೆಳಕು ಬಂತು, ಅಂಗಳದಲ್ಲಿ ಬಣ್ಣ ಬಿತ್ತು. ಮೊದಲು ಪಕ್ಕದ ಮನೆಯ ಬಾಗಿಲು ತೆರೆಯಿತು. ಅಜ್ಜಿ ಹೊರಗೆ ಬಂದು, ತಲೆ ಎತ್ತಿ ಮಾಳಿಗೆ ನೋಡಿ, ಅಲ್ಲೇ ನಿಂತುಬಿಟ್ಟರು. "ಬಂಗ್ಲೆ ಕಂದೀಲು ಬಂತೇ, ಬನ್ನಿ, ನೋಡಿ" ಎಂದು ಅವರು ಕೂಗಿದ್ದು ಓಣಿಯ ಕೊನೆಯವರೆಗೂ ಕೇಳಿರಬೇಕು. ಒಂದೊಂದೇ ಮನೆಯ ದೀಪ ಹತ್ತಿತು. ಹೆಂಗಸರು ತಂಬಿಗೆ, ತಟ್ಟೆ ಹಿಡಿದು ಬೀದಿಗೆ ಬಂದರು. ಅಲ್ಲೇ ಬಂಗಲೆಯ ಅಂಗಳದಲ್ಲಿ ಅರ್ಘ್ಯ ಬಿಟ್ಟರು. ಬಿಟ್ಟವರು ಮನೆಗೆ ಹೋಗಲಿಲ್ಲ. ನೋಡ್ವ ಎಂದವರೆಲ್ಲ ಮೆಟ್ಟಿಲು ಹತ್ತಿ ಒಳಗೆ ಬಂದರು, ಅವರ ಹಿಂದೆ ಗಂಡಂದಿರು, ಮಕ್ಕಳು, ಮನೆಗೆ ಬಂದ ನೆಂಟರು.

ಮೇಜುಗಳು ಸಾಕಾಗಲಿಲ್ಲ. ಗೋಡೆಗೆ ಸರಿಸಿ ಕೆಂಪು ನೆಲದ ಮೇಲೆ ಎಲೆ ಹಾಕಿದೆವು. ನಡುಮನೆ ತುಂಬಿತು, ಜಗಲಿ ತುಂಬಿತು, ಒಂದು ಪಂಕ್ತಿ ಏಳುವ ಮೊದಲೇ ಇನ್ನೊಂದು ನಿಂತಿತ್ತು. ಬಂಗಲೆಯಲ್ಲಿ ಟೈಪ್ ಕಲಿತವರೊಬ್ಬರು ತಮ್ಮ ಯಂತ್ರ ಇದ್ದ ಮೂಲೆಯೇ ಬೇಕೆಂದು ಅಲ್ಲೇ ಕೂತರು. ಹಸಿದು ಬಂದ ಹೆಂಗಸರು ಬಡಿಸಿಕೊಂಡು ಕೂತು ಉಣ್ಣುವುದನ್ನು ನೋಡುವ ಸುಖ ಬೇರೆಯೇ. ಒಬ್ಬರು ಖತಖತೆ ಮೂರನೆಯ ಸಲ ಹಾಕಿಸಿಕೊಳ್ಳುತ್ತ, "ತಿರಫಳ ಬಿದ್ದದೆ ನೋಡು, ಮೀನಿನ ನೆನಪಾತದೆ" ಎಂದು ನಾಚಿದರು. ಅಕ್ಕೋರ ತಮ್ಮ ಪಂಚೆ ಎತ್ತಿ ಕಟ್ಟಿ ಪಾಯಸ ಬಡಿಸುತ್ತಿದ್ದರು. ನಾನು ಗೆದ್ದೆ. ಹೀಗೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ರಸ್ತೆ ನನ್ನ ಗೋಡೆ ಒಡೆದಿತ್ತು, ಆ ರಾತ್ರಿ ನಾನು ಒಂದು ಓಣಿಗೇ ಉಣಬಡಿಸಿದೆ.

ಆದರೆ ಮನೆಯ ತೀರ್ಮಾನವನ್ನು ಅಕ್ಕೋರ ತಮ್ಮ ಇನ್ನೂ ಹೇಳಿರಲಿಲ್ಲ. ಮರುದಿನ ಬಸ್ಸಿಗೆ ಹೊರಡಬೇಕಿದ್ದವರು ಹೊರಡಲಿಲ್ಲ. ಮೀನೂಟ ಮಾಡಿಯೇ ಹೋಗುತ್ತೇನೆ ಎಂದರು. ಮರುದಿನ ಗುರುವಾರ, ಮತ್ತೆ ಮೀನಿಲ್ಲ. ಅವರು ಶುಕ್ರವಾರಕ್ಕೆ ಉಳಿದರು. ಎರಡು ದಿನವೂ ಅಕ್ಕೋರು ನನ್ನ ಕಡೆ ನೋಡುತ್ತಿದ್ದರು, ನಾನು ಒಲೆಯ ಕಡೆ ನೋಡುತ್ತಿದ್ದೆ.

ಶುಕ್ರವಾರ ಕಪ್ಪು ಹಲಗೆಯ ಮೇಲೆ ಮೊದಲ ಸಲ ಮೀನಿನ ಹೆಸರು ಬಂತು. ಗಂಡ ಇಸ್ವಾಣ ತಂದಿದ್ದರು, ಬಂಗಡೆ ತಂದಿದ್ದರು. ಸಂಕಷ್ಟಿಯ ರಾತ್ರಿ ಉಂಡವರೇ ಮತ್ತೆ ಬಂದರು, ಬರುವಾಗ ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಕೂರಲು ಜಾಗವಿಲ್ಲದೆ ನಾಲ್ಕಾರು ಮಂದಿ ಜಗಲಿಯ ಕಟ್ಟೆಯಲ್ಲಿ ಕಾಯುತ್ತಿದ್ದರು. ಅಕ್ಕೋರ ತಮ್ಮ ಅದೇ ಕಿಟಕಿಯ ಪಕ್ಕ ಕೂತು ಬಂಗಡೆಯ ಮುಳ್ಳು ಬಿಡಿಸುತ್ತಿದ್ದರು. ಮೇಜಿನ ಮೇಲೆ ಅವರ ಫೋನು ಹೊಡೆದುಕೊಂಡಿತು. ಕೈಯೆಲ್ಲ ಸಾರು, ನನಗೆ ಸನ್ನೆ ಮಾಡಿದರು. ನಾನೇ ಒತ್ತಿ ಅವರ ಕಿವಿಗೆ ಹಿಡಿದೆ. ಆ ಕಡೆಯಿಂದ ಕಟ್ಟಡದವನ ದನಿ ನನಗೂ ಕೇಳುತ್ತಿತ್ತು: ಕಾಗದ ತಯಾರಿದೆ, ಮನೆ ನೋಡಲು ಯಾವಾಗ ಬರಲಿ?

ಅವರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದರು. ನಡುಮನೆಯತ್ತ ಒಮ್ಮೆ ನೋಡಿದರು. ಬಾಗಿಲ ಹತ್ತಿರ ಅಕ್ಕೋರು ನಿಂತಿದ್ದರು.

"ಬರೂದು ಬೇಡ ಮಾರಾಯ್ರೆ" ಎಂದರು. "ಈ ಮನೆ ಖಾಲಿ ಇಲ್ಲ."

ನಂತರ ಅನ್ನದ ನಡುವೆ ಗುಳಿ ಮಾಡಿ, ಸಾರು ಹಾಕು ಎಂದು ನನಗೆ ಸನ್ನೆ ಮಾಡಿದರು.